ಮೈನಸ್ ಏಳಕ್ಕೊಂದು ಚೀಲ

ನವೆಂಬರ್ 9, ಭಾನುವಾರ

ಇದು ನಮ್ಮ ಕೋಲ್ಡ್ ಸ್ಟೋರೇಜಿನ ತಾಪಮಾನದ ರಿಜಿಸ್ಟರು. ಎಲ್ಲವೂ ಕಂಪ್ಯೂಟರಿಗೆ ಹೋದ ಮೇಲೆ ಇಂಥವನ್ನು ರದ್ದಿಗೆ ಹಾಕಿದ್ದರು; ಒಂದನ್ನು ನಾನು ಎತ್ತಿಕೊಂಡು ಬಂದೆ. ಒಳ್ಳೆಯ ಕಾಗದ. ಪ್ರತಿ ಪುಟದ ಕೆಳಗೆ ಮೂರು ಖಾನೆ ಅಚ್ಚಾಗಿದೆ: ಸಮಯ, ತಾಪಮಾನ, ಪರಿಶೀಲಿಸಿದವರ ಸಹಿ. ನನ್ನ ತಲೆಯೊಳಗಿನದನ್ನು ಪರಿಶೀಲಿಸುವ ಅಧಿಕಾರಿ ಇನ್ನೂ ಹುಟ್ಟಿಲ್ಲ. ಆ ಖಾನೆ ಖಾಲಿಯೇ ಇರಲಿ.

ಇವತ್ತು ಮಗಳ ಫೋನು ಬಂತು. ನನಗಲ್ಲ, ಅವಳಪ್ಪನಿಗೆ. ಆರು ವರ್ಷದಿಂದ ಹೀಗೇ. ಅವಳು ಅಪ್ಪನಿಗೆ ಹೇಳುತ್ತಾಳೆ, ಅವರು ಫೋನನ್ನು ಎದೆಗೆ ಒತ್ತಿಕೊಂಡು ನನಗೆ ಹೇಳುತ್ತಾರೆ, ನಾನು ಅಡುಗೆಮನೆಯಿಂದ ಉತ್ತರ ಕೂಗುತ್ತೇನೆ. ಬೇಸಿಗೆಯಲ್ಲಿ ಅವಳು ಹತ್ತು ದಿನ ಮನೆಗೆ ಬಂದಾಗ ಮಾತ್ರ ನೇರ ಮಾತು. ಅದೂ ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸಬೇಕೇ ಬೇಡವೇ ಎಂಬ ಮಟ್ಟದ್ದು.

ಅವಳ ಕೆಲಸವೆಂದರೆ ಮನೆ, ಹಾಸಿಗೆ ಎಲ್ಲ ಇರುವ ಜನರನ್ನು ಹಿಮ ಬೀಳುವ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಟೆಂಟಿನಲ್ಲಿ ಮಲಗಿಸುವುದು. ಜನ ಅದಕ್ಕೆ ಖುಷಿಯಿಂದ ದುಡ್ಡು ಕೊಡುತ್ತಾರಂತೆ. ಇಷ್ಟು ದಿನ ಬೇರೆಯವರ ಕೈಕೆಳಗಿದ್ದಳು, ಈಗ ತನ್ನದೇ ಕ್ಯಾಂಪ್ ಶುರು ಮಾಡುತ್ತಿದ್ದಾಳೆ. ಜನವರಿ ಹತ್ತಕ್ಕೆ ಮೊದಲ ತಂಡ. ಏಳು ಜನರಲ್ಲಿ ಒಂದು ಜಾಗ ನನಗೆಂದು ಇಟ್ಟಿದ್ದಾಳೆ. ನಮ್ಮ ಯಜಮಾನರು ಗಡಿಯಾರ ರಿಪೇರಿಯವರು. ಅವರ ಮೊಣಕಾಲು ಮಾತ್ರ ರಿಪೇರಿಗೆ ಮೀರಿದೆ. ಹಾಗಾಗಿ ಅವರನ್ನು ಕರೆಯುವಂತಿಲ್ಲ.

"ಒಳ್ಳೇ ಸ್ಲೀಪಿಂಗ್ ಬ್ಯಾಗ್ ತಗೋಬೇಕಂತೆ ಕಣೇ," ಎಂದರು ಯಜಮಾನರು, ಫೋನು ಎದೆಯ ಮೇಲೆ. "ಡೌನ್ ಇರೋದು. ಅಂದ್ರೆ ಹಕ್ಕಿ ಎದೆ ಮೇಲಿರುತ್ತಲ್ಲ, ಆ ಮೆತ್ತನೆ ತುಪ್ಪುಳ ತುಂಬಿರೋದು."

"ಚಳಿ ಅಂದ್ರೇನು ಅಂತ ಅವಳು ನಂಗೆ ಹೇಳ್ಕೊಡ್ತಾಳಾ?" ಎಂದು ಕೂಗಿದೆ. ಇಪ್ಪತ್ಮೂರು ವರ್ಷದಿಂದ ಮೈನಸ್ ಹದಿನೆಂಟರಲ್ಲಿ ನಿಂತು ಬಟಾಣಿ ಪ್ಯಾಕ್ ಮಾಡಿಸುತ್ತಿರುವವಳು ನಾನು. ನನ್ನ ಮೂಗಿಗೇ ಹಿಮ ಕಟ್ಟಿದ್ದುಂಟು.

ಫೋನಿಟ್ಟ ಮೇಲೆ ಅವರು ಇನ್ನೊಂದು ಮಾತು ಹೇಳಿದರು, ಗಡಿಯಾರದ ಮುಳ್ಳು ಸರಿಸುವಷ್ಟು ಮೆಲ್ಲಗೆ. "ಈ ಸಲವೂ ನೀನು ಬರದಿದ್ರೆ ಇನ್ಮೇಲೆ ಕರೆಯಲ್ಲವಂತೆ."

ಬರುವುದಿಲ್ಲ ಎಂದು ಯಾರು ಹೇಳಿದರು? ಚೀಲ ನೋಡಬೇಕಷ್ಟೆ.

ನವೆಂಬರ್ 15, ಶನಿವಾರ

ಬೆಟ್ಟ ಹತ್ತುವವರ ಅಂಗಡಿಗೆ ಹೋಗಿದ್ದೆ. ಅಲ್ಲಿನವನಿಗೆ ಎದೆಯವರೆಗೆ ಗಡ್ಡ. ಅವನಿಗೆ ಸ್ಲೀಪಿಂಗ್ ಬ್ಯಾಗೇ ಬೇಕಾಗಿಲ್ಲ.

ಚೀಲದ ಲೇಬಲ್ಲಿನಲ್ಲಿ ಎರಡು ಅಂಕಿ ಇರುತ್ತವೆ. ಒಂದು ಕಂಫರ್ಟ್, ಇನ್ನೊಂದು ಲಿಮಿಟ್. ಮೊದಲನೆಯದು ಹೆಂಗಸು ಹಾಯಾಗಿ ನಿದ್ದೆ ಮಾಡುವ ತಾಪಮಾನ. ಎರಡನೆಯದು ಗಂಡಸು ಮುದುಡಿಕೊಂಡು ಹೇಗೋ ಬೆಳಗು ಮಾಡುವ ತಾಪಮಾನ.

"ಯಾಕೆ, ಗಂಡಸರಿಗೆ ಹಾಯಾಗಿರೋದು ಬೇಡ್ವಾ?" ಎಂದೆ.

"ಅವರು ಲಿಮಿಟ್ ನೋಡೇ ತಗೊಂಡು ಹೋಗ್ತಾರೆ ಮೇಡಂ. ವಾಪಸ್ ಬಂದು ನನಗೆ ಬೈತಾರೆ. ನೀವು ಕಂಫರ್ಟ್ ನೋಡಿ."

ಆಮೇಲೆ ಬಾತುಕೋಳಿಯ ತುಪ್ಪುಳವೋ ಹೆಬ್ಬಾತಿನದೋ ಎಂಬ ಚರ್ಚೆ. ತುಪ್ಪುಳ ಎಷ್ಟು ಉಬ್ಬುತ್ತದೆ ಎನ್ನುವುದಕ್ಕೂ ಒಂದು ಅಂಕಿ ಇದೆ: ಐನೂರೈವತ್ತು, ಆರುನೂರೈವತ್ತು, ಎಂಟುನೂರು. ಅಂಕಿ ಹೆಚ್ಚಾದಷ್ಟೂ ಚೀಲ ಹಗುರ, ನಮ್ಮ ಪರ್ಸೂ ಹಗುರ. ಒದ್ದೆಯಾದರೆ ತುಪ್ಪುಳ ಕೆಲಸಕ್ಕೆ ಬಾರದಂತೆ. ಹಕ್ಕಿಗಳು ಮಳೆಯಲ್ಲಿ ಏನು ಮಾಡುತ್ತವೆ ಎಂದು ಕೇಳಿದೆ. ಗಡ್ಡದವನು ಅದನ್ನು ಯೋಚಿಸಿರಲಿಲ್ಲ.

"ಒಳಗೆ ಮಲಗಿ ನೋಡಿ ಮೇಡಂ," ಎಂದ. ಅಂಗಡಿಯ ನಡುವೆ ಚಾಪೆ ಹಾಸಿ ಮಲಗಿದೆ. ತಲೆಯ ಹತ್ತಿರ ದಾರ ಎಳೆದರೆ ಮೂಗು ಮಾತ್ರ ಹೊರಗೆ. ಜಿಪ್ಪಿಗೆ ಬಟ್ಟೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಅವನು ಇಕ್ಕಳ ತರಲು ಒಳಗೆ ಹೋದ. ಅಷ್ಟರಲ್ಲಿ ಶೂ ಕೊಳ್ಳಲು ಬಂದ ದಂಪತಿ ನನ್ನನ್ನು ದಾಟಿಕೊಂಡು ಹೋದರು. ಹೆಂಗಸು "ಗೊಂಬೆ ಎಷ್ಟು ನೈಜವಾಗಿದೆ ನೋಡ್ರಿ" ಎಂದಳು. ನಾನು ಕಣ್ಣು ಮಿಟುಕಿಸಿದೆ. ಅವರು ಶೂ ಕೊಳ್ಳದೆ ಹೋದರು.

ಯೋಚನೆ ಮಾಡಿ ಬರುತ್ತೇನೆ ಎಂದು ಹೇಳಿ ಬಂದೆ.

ನವೆಂಬರ್ 18, ಮಂಗಳವಾರ

ಆರು ಚೀಲಗಳ ಪಟ್ಟಿ ಮಾಡಿದ್ದೇನೆ. ತೂಕ, ಉದ್ದ, ಕಂಫರ್ಟ್, ಜಿಪ್ಪು ಎಡಕ್ಕೋ ಬಲಕ್ಕೋ. ಯಜಮಾನರು ಭೂತಗನ್ನಡಿ ಕಣ್ಣಿಗಿಟ್ಟುಕೊಂಡೇ ನನ್ನ ಪಟ್ಟಿ ನೋಡಿದರು. "ನಮ್ಮ ಮದುವೆಗೆ ಮುಂಚೆ ನೀನು ಇಷ್ಟು ವಿಚಾರಿಸಿರಲಿಲ್ಲ," ಎಂದರು.

"ವಿಚಾರಿಸಬೇಕಿತ್ತು," ಎಂದೆ.

ತಾಪಮಾನ: ಮನೆಯಲ್ಲಿ ಸ್ವಲ್ಪ ಇಳಿದಿದೆ.

ನವೆಂಬರ್ 30, ಭಾನುವಾರ

ಪಟ್ಟಿಯಲ್ಲಿ ಈಗ ಹನ್ನೊಂದು ಚೀಲಗಳಿವೆ.

ಇವತ್ತಿನ ಫೋನಿನಲ್ಲಿ ಅವಳ ದನಿ ಅಡುಗೆಮನೆಯವರೆಗೂ ಕೇಳಿಸಿತು. "ಅಮ್ಮ ಬ್ಯಾಗ್ ತಗೊಂಡ್ಳಾ?"

"ಇನ್ನೂ ನೋಡ್ತಾ ಇದಾಳಮ್ಮ."

"ಹಾಗಾದ್ರೆ ಬರಲ್ಲ ಬಿಡು."

ಮೈಯೆಲ್ಲ ಉರಿದು ಹೋಯಿತು. ಒಂದು ಸಾಮಾನನ್ನು ನೋಡಿ, ತೂಗಿ ಕೊಳ್ಳುವುದು ತಪ್ಪೇ? ಒಲೆ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಒಲೆ ಒರೆಸುತ್ತ ಹಳೆಯದೆಲ್ಲ ನೆನಪಾಯಿತು. ಮೊದಲ ವರ್ಷ ಕರೆದಾಗ ಬೆನ್ನು ಹಿಡಿದುಕೊಂಡಿತ್ತು. ಎರಡನೇ ವರ್ಷ ಆಡಿಟ್. ಮೂರನೇ ವರ್ಷ ನನ್ನ ಕಾಲಿಗೆ ಸರಿಹೊಂದುವ ಶೂ ಸಿಗಲಿಲ್ಲ. ನಾಲ್ಕು ಅಂಗಡಿ ಸುತ್ತಿದ್ದೆ, ಸುಳ್ಳಲ್ಲ. ನಾಲ್ಕನೇ ವರ್ಷ ಏನು ಹೇಳಿದೆನೋ ನೆನಪಿಲ್ಲ. ಅವಳಿಗೆ ನೆನಪಿರುತ್ತದೆ, ಅದು ಬೇರೆ ಮಾತು. ಹೋದ ವರ್ಷ ಕೇಳಿದ್ದಕ್ಕೆ ಉತ್ತರವನ್ನೇ ಕೊಡಲಿಲ್ಲ.

ಬರೆದ ಮೇಲೆ ಓದಿದರೆ ಅಷ್ಟು ಚೆನ್ನಾಗಿ ಕಾಣಿಸುವುದಿಲ್ಲ. ಪೆನ್ನಿನ ತಪ್ಪಿರಬೇಕು.

ಡಿಸೆಂಬರ್ 3, ಬುಧವಾರ

ಕೊಂಡೆ. ಹೆಬ್ಬಾತಿನ ತುಪ್ಪುಳ, ಕಂಫರ್ಟ್ ಮೈನಸ್ ಏಳು, ಜಿಪ್ಪು ಬಲಕ್ಕೆ, ಬಣ್ಣ ಬೂದು. ಗಡ್ಡದವನಿಗೆ ನನಗಿಂತ ಹೆಚ್ಚು ಸಮಾಧಾನವಾಯಿತು. ಚೀಲದ ಜೊತೆ ದೊಡ್ಡದೊಂದು ಬಲೆ ಚೀಲವನ್ನೂ ಕೊಟ್ಟು, "ಇದು ಮನೇಲಿ ಇಡೋವಾಗ ಮೇಡಂ, ಯಾಕಂದ್ರೆ..." ಎಂದು ಶುರು ಮಾಡಿದ.

"ಸರಕು ಹೇಗೆ ಇಡ್ಬೇಕು ಅನ್ನೋದನ್ನ ಮಾತ್ರ ನನಗೆ ಹೇಳ್ಬೇಡಿ," ಎಂದೆ. ಅವನು ಬಾಯಿ ಮುಚ್ಚಿದ. ಬಲೆ ಚೀಲ ಚೆನ್ನಾಗಿದೆ. ಈರುಳ್ಳಿ ತುಂಬಿ ಮೊಳೆಗೆ ನೇತುಹಾಕಿದ್ದೇನೆ.

ಡಿಸೆಂಬರ್ 6, ಶನಿವಾರ

ಲೇಬಲ್ಲನ್ನು ನಂಬಿ ಬದುಕಿದವಳಲ್ಲ ನಾನು. ಲೇಬಲ್ ಅಂಟಿಸುವುದೇ ನನ್ನ ಕೆಲಸ, ಅದರ ಹಣೆಬರಹ ನನಗೆ ಗೊತ್ತು. ನಮ್ಮ ಮೂರನೇ ಕೋಣೆ, ಬೆಣ್ಣೆ ಇಡುವುದು, ಸದಾ ಮೈನಸ್ ಐದು. ಊಟದ ವಿರಾಮದಲ್ಲಿ ಅಲ್ಲೇ ಪರೀಕ್ಷೆ ಮಾಡೋಣವೆಂದುಕೊಂಡೆ. ಕಂಪ್ರೆಸರ್ ನೋಡಿಕೊಳ್ಳುವ ಅಣ್ಣನನ್ನು ಬಾಗಿಲಲ್ಲಿ ಕೂರಿಸಿದೆ. ಅವರು ನಿವೃತ್ತಿಗೆ ಹತ್ತಿರದವರು, ಯಾವುದಕ್ಕೂ ಆಶ್ಚರ್ಯಪಡುವುದಿಲ್ಲ. "ಹತ್ತು ನಿಮಿಷಕ್ಕೊಂದು ಸಲ ಕೂಗಿ," ಎಂದೆ.

ಬೆಣ್ಣೆ ಪೆಟ್ಟಿಗೆಗಳ ನಡುವೆ ಹಲಗೆ ಹಾಕಿ ಮಲಗಿದೆ. ಹೇಗಿತ್ತೆಂದರೆ, ಮಲಗಿದ್ದಷ್ಟೇ ನೆನಪು. ಅಣ್ಣ ಕೂಗುತ್ತಲೇ ಇದ್ದರಂತೆ, ನಾನು ಗೊರಕೆಯಲ್ಲೇ ಉತ್ತರ ಕೊಡುತ್ತಿದ್ದೆನಂತೆ. ಬದುಕಿದ್ದಾಳೆಂದು ಅವರೂ ಸುಮ್ಮನಾದರು. ಒಂದು ಗಂಟೆ ನಲವತ್ತು ನಿಮಿಷ. ಅಷ್ಟರಲ್ಲಿ ಮ್ಯಾನೇಜರು ಹೊಸ ಗಿರಾಕಿಗಳನ್ನು ಕೋಣೆ ತೋರಿಸಲು ಕರೆತಂದರು.

"ಇದ್ಯಾವ ಮಾಲು?" ಎಂದು ಒಬ್ಬರು ನನ್ನನ್ನು ತೋರಿಸಿ ಕೇಳಿದರಂತೆ.

"ಸ್ಯಾಂಪಲ್ ಸಾರ್," ಎಂದರಂತೆ ಅಣ್ಣ.

ಅದೇ ಹೊತ್ತಿಗೆ ಸ್ಯಾಂಪಲ್ಲು ಮಗ್ಗಲು ಬದಲಾಯಿಸಿತು. ಗಿರಾಕಿಗಳು ಬೇರೆ ಕೋಲ್ಡ್ ಸ್ಟೋರೇಜ್ ನೋಡುತ್ತಿದ್ದಾರಂತೆ. ನನಗೆ ಮೆಮೊ ಬಂತು. ಇಪ್ಪತ್ಮೂರು ವರ್ಷದಲ್ಲಿ ಇದು ಎರಡನೆಯದು. ಮೊದಲನೆಯದು ಆರು ವರ್ಷದ ಹಿಂದೆ, ಕಂಪನಿ ಕೊಟ್ಟ ಉಣ್ಣೆಯ ಟೊಪ್ಪಿಗೆ ಕಳೆದುಹೋದದ್ದಕ್ಕೆ. "ಅಜಾಗರೂಕತೆ" ಎಂದು ಬರೆದಿದ್ದರು. ನಾನು, ಅಜಾಗರೂಕಳು! ಆ ಟೊಪ್ಪಿಗೆ ಮನೆಯ ಗೂಟದಲ್ಲೇ ಇತ್ತು, ಹೇಗೆ ಮಾಯವಾಯಿತೋ ಇವತ್ತಿಗೂ ತಿಳಿದಿಲ್ಲ.

ಸಮಯ: 1.40. ತಾಪಮಾನ: ಮೈನಸ್ ಐದು. ಚೀಲ ಪಾಸ್.

ಡಿಸೆಂಬರ್ 9, ಮಂಗಳವಾರ

ಇವತ್ತು ನನ್ನ ಬುದ್ಧಿಗೆ ನಾನೇ ಶಭಾಷ್ ಹೇಳಿಕೊಂಡೆ. ಚೀಲ ಬಿಡಿಸಿಟ್ಟರೆ ಅರ್ಧ ಮಂಚ ತುಂಬುತ್ತದೆ. ಹೊರಡಲು ಇನ್ನೂ ಒಂದು ತಿಂಗಳಿದೆ. ಅಲ್ಲಿಯವರೆಗೆ ಧೂಳು, ಜಿರಲೆ, ಯಜಮಾನರ ಗಡಿಯಾರದ ಎಣ್ಣೆ. ಹಾಗಾಗಿ ಕೆಲಸಕ್ಕೆ ತೆಗೆದುಕೊಂಡು ಹೋಗಿ ನಮ್ಮ ವ್ಯಾಕ್ಯೂಮ್ ಯಂತ್ರಕ್ಕೆ ಕೊಟ್ಟೆ. ಅದು ಗಾಳಿಯನ್ನೆಲ್ಲ ಎಳೆದುಕೊಂಡು ದಪ್ಪ ಪ್ಲಾಸ್ಟಿಕ್ಕಿನ ಬಾಯಿಗೆ ಸೀಲ್ ಹಾಕಿತು. ಮಂಚ ತುಂಬುತ್ತಿದ್ದದ್ದು ಈಗ ಒಂದು ಇಟ್ಟಿಗೆ. ಬಡಿದರೆ ಟಕ್ ಎನ್ನುತ್ತದೆ. ಮೇಲೆ ಲೇಬಲ್ಲನ್ನೂ ಅಂಟಿಸಿದೆ: ಪ್ಯಾಕ್ ಮಾಡಿದ ದಿನ, ತೂಕ, ಜನವರಿ ಹತ್ತರಂದು ಬಳಸುವುದು.

ಪ್ಯಾಕ್ ಮಾಡುವುದರಲ್ಲಿ ನನ್ನ ಸರಿಸಮ ಯಾರೂ ಇಲ್ಲ. ಮಗಳು ಚಿಕ್ಕವಳಿದ್ದಾಗ ಅವಳ ಪುಸ್ತಕಕ್ಕೆ ಎರಡೆರಡು ಬೈಂಡು, ಅದರ ಮೇಲೆ ಪ್ಲಾಸ್ಟಿಕ್ಕು. ಅಂಕಪಟ್ಟಿಗಳಿಗೆಲ್ಲ ಲ್ಯಾಮಿನೇಶನ್. ಬಸ್ ಪಾಸಿಗೂ ಮಾಡಿಸಿದ್ದೆ. ಪ್ರತಿ ತಿಂಗಳು ಬದಲಾಯಿಸಬೇಕಾದದ್ದು ಎನ್ನುವುದು ಆಮೇಲೆ ಹೊಳೆಯಿತು. ಒಮ್ಮೆ ಅವಳು, "ಅಮ್ಮ, ನನ್ನೂ ಒಂದಿನ ಸೀಲ್ ಮಾಡ್ಬಿಡ್ತೀಯ," ಎಂದಿದ್ದಳು. ಎಲ್ಲರೂ ನಕ್ಕಿದ್ದೆವು. ಅವಳು ನಕ್ಕಿದ್ದಳೇ? ನೆನಪಿಲ್ಲ.

ಡಿಸೆಂಬರ್ 21, ಭಾನುವಾರ

ಫೋನು ಬಂದಾಗ ನಾನೇ ಕೈ ಒರೆಸಿಕೊಂಡು ಹೊರಗೆ ಬಂದೆ. ಯಜಮಾನರು ಗಾಬರಿಯಾಗಿ ಫೋನು ಕೊಟ್ಟೇಬಿಟ್ಟರು.

"ಚೀಲ ತಗೊಂಡೆ," ಎಂದೆ.

"ಯಾವುದು?"

"ಮೈನಸ್ ಏಳು. ಕಂಫರ್ಟು, ಲಿಮಿಟ್ಟಲ್ಲ."

"ಓ," ಎಂದಳು. ಆಮೇಲೆ, "ಒಳ್ಳೇದು ಅಮ್ಮ." ಗ್ಯಾಸ್ಕೆಟ್ ಹೊಸದು ಹಾಕಿಸಿದೆ ಎಂದು ಹೇಳಿ ಫೋನು ವಾಪಸು ಕೊಟ್ಟೆ.

ಆರು ವರ್ಷದ ಹಿಂದೆ ಅವಳು ಮನೆ ಬಿಟ್ಟ ದಿನದ್ದನ್ನು ಎಲ್ಲೂ ಬರೆದಿಲ್ಲ. ಮ್ಯಾನೇಜರಿಗೆ ಗೋಗರೆದು ಆಫೀಸಿನಲ್ಲಿ ಅವಳಿಗೊಂದು ಕೆಲಸ ಮಾಡಿಸಿದ್ದೆ. ಕುರ್ಚಿ, ಮೇಜು, ಹೀಟರು. ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಸೇರಬೇಕಾದ ದಿನ ಬೆಳಗ್ಗೆ ಅವಳ ಕೋಣೆ ಖಾಲಿ. ಬಸ್ಸಿನಿಂದ ಫೋನು ಮಾಡಿದಳು, ಬೆಟ್ಟಕ್ಕೆ ಹೋಗುತ್ತಿದ್ದೇನೆ ಎಂದು. ನಾನು ಬಾಯಿಗೆ ಬಂದದ್ದು ಹೇಳಿದೆ. "ಚಳಿನೇ ಬೇಕಿದ್ರೆ ಇಲ್ಲೇ ಇತ್ತಲ್ಲ, ಸಂಬಳದ ಜೊತೆ! ಒಂದು ಚಳಿಗಾಲ ತಡೆಯಲ್ಲ ನೀನು. ಮೂಗು ಸುರಿಸ್ಕೊಂಡು ವಾಪಸ್ ಬರ್ತೀಯ."

"ಬಂದು ನೋಡು," ಎಂದಳು.

ಈಗ ಅಲ್ಲಿಗೆ ಹೋದರೆ ಅವಳು ಸೋತು ವಾಪಸ್ ಬರಲಿಲ್ಲ ಎಂಬುದನ್ನು ಕಣ್ಣಾರೆ ನೋಡಬೇಕಾಗುತ್ತದೆ. ಅಷ್ಟೇ ನನ್ನ ಭಯ. ಬೆನ್ನೂ ಅಲ್ಲ, ಶೂವೂ ಅಲ್ಲ.

ಈ ಸಾಲನ್ನು ಹೊಡೆದುಹಾಕಬೇಕು. ನಾಳೆ.

ಜನವರಿ 2, ಶುಕ್ರವಾರ

ದೇವರು ನೆಪವನ್ನು ಮನೆ ಬಾಗಿಲಿಗೇ ತಂದುಕೊಟ್ಟಿದ್ದಾನೆ. ಒಂಬತ್ತು, ಹತ್ತಕ್ಕೆ ದೊಡ್ಡ ಆಡಿಟ್. "ನೀವಿಲ್ದೆ ಹೇಗೆ ನಡೆಯುತ್ತೆ?" ಎಂದರು ಮ್ಯಾನೇಜರು. ಮೆಮೊ ಕೊಟ್ಟ ಬಾಯಿಂದಲೇ. ಎಷ್ಟು ಸಿಹಿಯಾಗಿ ಕೇಳಿಸಿತೆಂದರೆ, ನನ್ನ ತಲೆ ಆಗಲೇ ವಾಕ್ಯ ಜೋಡಿಸತೊಡಗಿತ್ತು. ಈ ಸಲ ಅಪ್ಪಟ ನಿಜ, ಬೇಕಿದ್ದರೆ ಆಫೀಸಿನ ಪತ್ರವನ್ನೇ ತೋರಿಸಬಹುದು.

ಕಂಪ್ರೆಸರ್ ಅಣ್ಣನಿಗೆ ಹೇಳಿದೆ. ಅವರು ಮೀಟರಿನಿಂದ ಕಣ್ಣು ತೆಗೆಯದೆ, "ನೀವು ನಾಲ್ಕು ದಿನ ಇಲ್ದಿದ್ರೆ ಬಟಾಣಿ ಮೊಳಕೆ ಒಡೆಯಲ್ಲ ಮೇಡಂ," ಎಂದರು. ಕೋಪ ಬಂತು. ಸಂಜೆಯವರೆಗೂ ಇತ್ತು.

ಜನವರಿ 3, ಶನಿವಾರ

ರಜೆ ಅರ್ಜಿ ಕೊಟ್ಟೆ. ಕಾರಣ ಎಂಬ ಜಾಗದಲ್ಲಿ "ಮಗಳು" ಎಂದು ಬರೆದೆ. ಮ್ಯಾನೇಜರು ತಿರುಗಿಸಿ ಮುರುಗಿಸಿ ನೋಡಿ, "ಹುಷಾರಿಲ್ವಾ ಅವಳಿಗೆ?" ಎಂದರು.

"ತುಂಬಾ ಹುಷಾರಾಗಿದಾಳೆ," ಎಂದೆ.

ಜನವರಿ 10, ಶನಿವಾರ

ಕೈಗವಸು ಹಾಕಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದರಿದಂತಿದೆ. ಐದು ಗಂಟೆ ನಡೆದು ಬಂದೆವು. ನನ್ನ ಜೊತೆಯವರು ಆರು ಜನ. ಎಲ್ಲರೂ ನನಗಿಂತ ಚಿಕ್ಕವರು, ನನಗಿಂತ ಹೆಚ್ಚು ಏದುಸಿರು ಬಿಟ್ಟವರು. ಇದನ್ನು ದಾಖಲೆಗಾಗಿ ಬರೆದಿದ್ದೇನೆ.

ಮಗಳು ಮುಂದೆ ಮುಂದೆ ನಡೆಯುತ್ತಾಳೆ, ತಿರುಗಿ ನೋಡದೆಯೇ ಯಾರು ಹಿಂದೆ ಉಳಿದರೆಂದು ಅವಳಿಗೆ ಗೊತ್ತಾಗುತ್ತದೆ. "ನೀರು ಕುಡೀರಿ" ಎಂದರೆ ಏಳೂ ಜನ ಕುಡಿಯುತ್ತೇವೆ. ಅವಳು ಚಿಕ್ಕವಳಿದ್ದಾಗ ಒಂದು ಲೋಟ ನೀರು ಕುಡಿಸಲು ನಾನು ಮನೆಯೆಲ್ಲ ಓಡಾಡುತ್ತಿದ್ದೆ.

ಮಧ್ಯಾಹ್ನ ಟೆಂಟು ಹಾಕಿದ ಮೇಲೆ ಎಲ್ಲರೂ ಚೀಲ ಬಿಚ್ಚಿದರು. ನಾನು ನನ್ನ ಇಟ್ಟಿಗೆ ತೆಗೆದೆ. ಜನ ಸುತ್ತ ಸೇರಿದರು. ಹೆಮ್ಮೆಯಿಂದ ಕತ್ತರಿ ಹಾಕಿದೆ. ಪ್ಲಾಸ್ಟಿಕ್ಕು ಉಸ್ಸೆಂದಿತು. ಚೀಲ ಉಸ್ಸೆನ್ನಲಿಲ್ಲ. ಬಿಡಿಸಿದರೆ ಇಸ್ತ್ರಿ ಮಾಡಿದ ಲುಂಗಿಯ ಹಾಗೆ ನೆಲಕ್ಕೆ ಅಂಟಿಕೊಂಡಿತ್ತು. ಒಳಗೆ ತುಪ್ಪುಳ ಗಂಟುಗಂಟಾಗಿ ಕೈಗೆ ಸಿಗುತ್ತಿತ್ತು.

ಮಗಳು ಬಂದು ನೋಡಿದಳು. ಲೇಬಲ್ ಓದಿದಳು, ಪ್ಯಾಕ್ ಮಾಡಿದ ದಿನವನ್ನು ಎರಡು ಸಲ. "ಅಮ್ಮಾ! ಒಂದು ತಿಂಗಳು ವ್ಯಾಕ್ಯೂಮಲ್ಲಿ ಇಟ್ಟಿದ್ಯಾ? ಇದನ್ನ?"

"ಅಚ್ಚುಕಟ್ಟಾಗಿ..." ಎಂದೆ.

"ತುಪ್ಪುಳ ಬೆಚ್ಚಗೆ ಇಡಲ್ಲ ಅಮ್ಮ. ಬೆಚ್ಚಗೆ ಇಡೋದು ಅದರೊಳಗಿನ ಗಾಳಿ. ತುಪ್ಪುಳ ಗಾಳಿಗೆ ಜಾಗ ಮಾಡಿಕೊಡುತ್ತೆ, ಅಷ್ಟೇ. ಅದಕ್ಕೇ ಮನೇಲಿ ಸಡಿಲವಾಗಿ ಬಿಡ್ಬೇಕು ಅಂತ ದೊಡ್ಡ ಬಲೆ ಚೀಲ ಕೊಟ್ಟಿರ್ತಾರಲ್ಲ, ಅದೇನು ಮಾಡ್ದೆ?"

"ಈರುಳ್ಳಿ," ಎಂದೆ.

ಅವಳು ಸೊಂಟಕ್ಕೆ ಕೈಕೊಟ್ಟು ಆಕಾಶ ನೋಡಿದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು. ಎಷ್ಟು ವರ್ಷವಾಗಿತ್ತು ಆ ನಗು ಕೇಳಿ. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಹಿಮದ ಮೇಲೆ ಕುಕ್ಕರಿಸಿ ನಕ್ಕೆವು. ಉಳಿದ ಆರು ಜನ ಇದು ಎತ್ತರದ ಪರಿಣಾಮವಿರಬೇಕೆಂದು ನೀರು ಕುಡಿದರು.

ಆಮೇಲೆ ಅವಳು ಒಂದು ತುದಿ ಹಿಡಿದಳು, ನಾನು ಇನ್ನೊಂದು. ಜಾಡಿಸಿದೆವು. ಗಂಟುಗಳನ್ನು ಬೆರಳಲ್ಲಿ ಬಿಡಿಸಿ ಮತ್ತೆ ಜಾಡಿಸಿದೆವು. ಒಂದು ಗಂಟೆಗಿಂತ ಹೆಚ್ಚು. "ಮೆಲ್ಲಗೆ ಅಮ್ಮ, ಹೊಡೀಬೇಡ ಅದನ್ನ." "ಆ ಮೂಲೆ ನೋಡು." ಆರು ವರ್ಷದಲ್ಲಿ ನಾವು ಆಡದಷ್ಟು ಮಾತು, ಎಲ್ಲವೂ ಒಂದು ಚೀಲದ ಮೇಲೆ. ಚೀಲ ಅರ್ಧದಷ್ಟು ಉಬ್ಬಿತು, ಅಲ್ಲಿಗೇ ನಿಂತಿತು.

"ನೀನು ನನ್ನ ಬ್ಯಾಗಲ್ಲಿ ಮಲಗು. ಇದ್ರಲ್ಲಿ ನಾನು ಮಲಗ್ತೀನಿ," ಎಂದಳು. "ನಂಗೆ ಜಾಕೆಟ್ ಇದೆ, ಅಭ್ಯಾಸ ಇದೆ."

"ಏನೂ ಬೇಡ. ಇಪ್ಪತ್ಮೂರು ವರ್ಷ ನಾನು..."

"ಅಮ್ಮ. ಇಲ್ಲಿ ಲೀಡರ್ ಯಾರು?"

ಬಾಯಿ ತೆರೆದಿದ್ದೆ. ಹತ್ತು ಉತ್ತರ ಸಿದ್ಧವಿತ್ತು, ಹತ್ತೂ ಚೆನ್ನಾಗಿದ್ದವು. "ನೀನು," ಎಂದೆ.

ಈಗ ಅವಳ ಚೀಲದೊಳಗೆ ಕೂತಿದ್ದೇನೆ. ಹಳೆಯದು, ನಾಲ್ಕು ಕಡೆ ತೇಪೆ, ಹೊಗೆ ವಾಸನೆ. ಅವಳು ಹೊರಗೆ ಎಲ್ಲರ ಟೆಂಟಿನ ಹಗ್ಗ ಬಿಗಿ ಮಾಡುತ್ತಿದ್ದಾಳೆ. ಕನ್ನಡಕ ಇಡಲು ಜಾಗ ಹುಡುಕಿದರೆ ತಲೆಯ ಬದಿಯಲ್ಲಿ ಒಂದು ಜೇಬು. ಅದರಲ್ಲಿ ಏನೋ ಉಣ್ಣೆಯದು. ಎಳೆದೆ. ಕಂಪನಿಯ ನೀಲಿ ಟೊಪ್ಪಿಗೆ. ಒಳಗೆ ಹಳದಿ ದಾರದಲ್ಲಿ ಹದಿನಾಲ್ಕು, ನನ್ನ ನಂಬರು, ನಾನೇ ಹೊಲಿದದ್ದು.

ಕಳ್ಳಿ.

ಅಳು ಬಂತು. ಇಲ್ಲಿ ಯಾರು ನೋಡುತ್ತಾರೆ, ಬರೆದೇಬಿಡುತ್ತೇನೆ. ಚೆನ್ನಾಗಿ ಅತ್ತೆ. ಆ ದಿನ ಫೋನಿನಲ್ಲಿ ನಾನು ಬೈಯುವಾಗ ಬಸ್ಸಿನಲ್ಲಿ ಇದು ಅವಳ ತಲೆಯ ಮೇಲೆ ಇತ್ತೋ, ತೊಡೆಯ ಮೇಲೆ ಇತ್ತೋ. ಆರು ಚಳಿಗಾಲ ಅವಳ ತಲೆ ಬೆಚ್ಚಗಿತ್ತು, ನನ್ನ ಫೈಲಿನಲ್ಲಿ ಅಜಾಗರೂಕತೆ ಎಂದಿತ್ತು. ಇರಲಿ. ಅಂಥ ಮೆಮೊ ಇನ್ನೂ ಹತ್ತು ಬರಲಿ.

ಜನವರಿ 11, ಭಾನುವಾರ

ಎದ್ದ ತಕ್ಷಣ ಕೇಳಿದೆ. "ಚಳಿ ಆಯ್ತೇನೇ?"

"ಮೂರು ಗಂಟೆ ತನಕ ಆಯ್ತು. ಆಮೇಲೆ ತಾನಾಗೇ ಉಬ್ಕೊಂಡ್ತು ನೋಡು," ಎಂದಳು. ನಿಜ, ನನ್ನ ಬೂದು ಚೀಲ ಅವಳ ಸುತ್ತ ತುಂಬಿಕೊಂಡಿತ್ತು. ಆಮೇಲೆ ನನ್ನ ತಲೆಯ ಮೇಲಿದ್ದುದನ್ನು ನೋಡಿದಳು. ಮುಖ ಕೆಂಪಾಯಿತು.

"ಅದು... ನಂದು," ಎಂದಳು.

"ಹದಿನಾಲ್ಕು ಯಾರ ನಂಬರು?"

ಟೊಪ್ಪಿಗೆ ತೆಗೆದು ಅವಳ ತಲೆಗೆ ಹಾಕಿದೆ. ಕಿವಿ ಮುಚ್ಚುವವರೆಗೆ ಎಳೆಯುವುದು ನನ್ನ ಅಭ್ಯಾಸ. ಎಳೆಯಲಿಲ್ಲ. ಅವಳೇ ಎಳೆದುಕೊಂಡಳು.

ಬರೆಯಲು ಈ ರಿಜಿಸ್ಟರು ತೆಗೆದಾಗ ಮೇಲಿದ್ದ ಕಂಪನಿಯ ಹೆಸರು ನೋಡಿ ಅವಳು ಗುರುತು ಹಿಡಿದಳು. "ಇಲ್ಲಿಗೂ ತಂದಿದ್ಯಾ ಇದನ್ನ? ಏನು ಬರೀತೀಯ?" ಕತ್ತು ಚಾಚಿದಳು. ಮೇಲಿನದನ್ನೆಲ್ಲ ಎರಡೂ ಅಂಗೈಯಿಂದ ಮುಚ್ಚಿ ಕೆಳಗಿನ ಖಾನೆಗಳನ್ನು ಮಾತ್ರ ತೋರಿಸಿದೆ.

"ಸಹಿ ಹಾಕು. ಇಲ್ಲಿ ಪರಿಶೀಲಿಸೋ ಅಧಿಕಾರ ನಿಂದು."

ಅವಳು ಟೆಂಟಿನ ಹೊರಗೆ ನೇತುಹಾಕಿದ್ದ ಥರ್ಮಾಮೀಟರನ್ನು ಹೋಗಿ ನೋಡಿ ಬಂದಳು. ನೋಡದೆ ಸಹಿ ಹಾಕುವವಳಲ್ಲ. ಬರೆದಳು, ಸಹಿ ಹಾಕಿದಳು, ಟೀ ಕಾಯಿಸಲು ಹೋದಳು.

ಸಮಯ: 6.10. ತಾಪಮಾನ: ಮೈನಸ್ ಒಂಬತ್ತು. ಪರಿಶೀಲಿಸಿದವರ ಸಹಿ ಇದೆ.

ಅವಳ ಕೈಬರಹ ಈಗಲೂ ಓದಲಿಕ್ಕೆ ಬರುವುದಿಲ್ಲ. ಹೇಳಲು ಹೋಗಲಿಲ್ಲ.